ಎಲ್ಲರೂ ಪಲ್ಲಕ್ಕಿ ಏರಿದರೆ?

ಮೈದಾನದ ಅಂಚಿನಿಂದ: ಓದುಗರ ಪ್ರಶ್ನೆ, ಹಳೆಯ ಲೆಫ್ಟ್ ಬ್ಯಾಕ್‌ನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ವಿಷಯದ ಸುತ್ತ ತಿರುಗುತ್ತಿವೆ. ಮೊಣಕಾಲು ನೋವಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ನೋವು ಅಲ್ಲಿಯವರೆಗೂ ಇರುತ್ತದೆ, ಅನುಭವದಿಂದ ಹೇಳುತ್ತಿದ್ದೇನೆ.

ಪ್ರಶ್ನೆ (ಹಾಸನದಿಂದ ಒಬ್ಬ ಬ್ಯಾಂಕ್ ನೌಕರರು): ಮೆಸ್ಸಿ, ನೇಮಾರ್, ಎಂಬಾಪೆ ಮೂವರೂ ಇದ್ದಾಗ ಪ್ಯಾರಿಸ್ ಸೇಂಟ್ ಜರ್ಮೈನ್ ತಂಡಕ್ಕೆ ಯೂರೋಪಿನ ಕ್ಲಬ್ಬುಗಳ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್ ಸಿಗಲಿಲ್ಲ. ಮೂವರೂ ಬಿಟ್ಟು ಹೋದ ಮೇಲೆ ಸಿಕ್ಕಿತು. ಟಿವಿಯಲ್ಲಿ ಕೂತವರೆಲ್ಲ ‘ಕೆಮಿಸ್ಟ್ರಿ ಇರಲಿಲ್ಲ’ ಎನ್ನುತ್ತಾರೆ. ಹಾಗೆಂದರೆ ಏನು ಸ್ವಾಮಿ?

ಆ ಪದ ಕೇಳಿದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ತಂಡ ಸೋತ ಮರುದಿನ ಮಾತ್ರ ಅದು ಎಲ್ಲರ ಬಾಯಿಗೆ ಬರುತ್ತದೆ. ಗೆದ್ದವರನ್ನು ಯಾರೂ ಪ್ರಯೋಗಾಲಯಕ್ಕೆ ಒಯ್ಯುವುದಿಲ್ಲ. ನಾವು ಆಡುವ ಕಾಲದಲ್ಲಿ ‘ಹೊಂದಿಕೆ’ ಎನ್ನುತ್ತಿದ್ದೆವು. ಬೆಂಗಳೂರಿನ ಗೌತಮಪುರದ ಹುಡುಗರು ತಮಿಳಿನಲ್ಲಿ ಬೇರೇನೋ ಅನ್ನುತ್ತಿದ್ದರು. ಅದನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ಮೊದಲು ಲೆಕ್ಕ ನೋಡೋಣ, ನೀವು ಬ್ಯಾಂಕಿನವರು. 2017ರ ಆಗಸ್ಟ್‌ನಲ್ಲಿ ನೇಮಾರ್‌ಗಾಗಿ ಪ್ಯಾರಿಸ್‌ನವರು ಬಾರ್ಸಿಲೋನಾಕ್ಕೆ ತೆತ್ತದ್ದು 22.2 ಕೋಟಿ ಯೂರೊ. ಅದೇ ಬೇಸಿಗೆಯಲ್ಲಿ ಎಂಬಾಪೆ ಬಂದರು, 2021ರಲ್ಲಿ ಮೆಸ್ಸಿ. ಮೆಸ್ಸಿ ಬರುವ ಮುಂಚೆ, 2020ರಲ್ಲಿ, ಈ ತಂಡ ಫೈನಲ್‌ವರೆಗೆ ಹೋಗಿ ಬಯರ್ನ್ ಮ್ಯೂನಿಕ್‌ಗೆ 0–1ರಿಂದ ಸೋತಿತ್ತು. ಮೆಸ್ಸಿ ಬಂದ ಎರಡು ವರ್ಷಗಳಲ್ಲಿ ಎರಡು ಸಲವೂ ಹದಿನಾರು ತಂಡಗಳ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತು. 2022ರಲ್ಲಿ ಮ್ಯಾಡ್ರಿಡ್‌ನಲ್ಲಿ ನಡೆದದ್ದನ್ನು ನಾನು ಮರೆಯಲಾರೆ. ಎರಡೂ ಪಂದ್ಯ ಸೇರಿ ಪ್ಯಾರಿಸ್ 2–0 ಮುಂದಿತ್ತು. ರಿಯಲ್ ಮ್ಯಾಡ್ರಿಡ್ ತಂಡದ ಬೆಂಜಿಮಾ ಹದಿನೇಳು ನಿಮಿಷಗಳ ಅಂತರದಲ್ಲಿ ಮೂರು ಗೋಲು ಹೊಡೆದು ಕಥೆ ಮುಗಿಸಿದರು. ಆ ಹದಿನೇಳು ನಿಮಿಷ ಪ್ಯಾರಿಸ್‌ನವರ ಕಾಲುಗಳನ್ನು ಬಿಟ್ಟು ಮುಖಗಳನ್ನು ನೋಡಿ. ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸುತ್ತಿದ್ದರು.

ಇಷ್ಟು ಪ್ರತಿಭೆ ಇದ್ದೂ ಹೀಗೇಕೆ? ಚೆಂಡು ನಮ್ಮ ಕಾಲಲ್ಲಿ ಇರುವಾಗ ಪ್ರತಿಭೆ ಕಾಣುತ್ತದೆ. ಹೊಂದಿಕೆ ಇದೆಯೋ ಇಲ್ಲವೋ ಎಂಬುದು ಚೆಂಡು ಕಳೆದುಕೊಂಡ ಮುಂದಿನ ಐದು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಆಗ ಮುಂದಿನ ಸಾಲಿನವರು ಎದುರಾಳಿಯ ಮೇಲೆ ಬೀಳಬೇಕು, ನಡುವಿನವರು ಹಿಂದಿನ ಜಾಗ ಮುಚ್ಚಬೇಕು, ಹಿಂಬದಿಯ ನಾಲ್ವರು ಒಂದೇ ಗೆರೆಯಲ್ಲಿ ನಾಲ್ಕು ಹೆಜ್ಜೆ ಮೇಲಕ್ಕೆ ಬರಬೇಕು. ಹತ್ತು ಜನರಲ್ಲಿ ಒಬ್ಬರು ಸೊಂಟದ ಮೇಲೆ ಕೈಯಿಟ್ಟು ನಿಂತರೆ ಉಳಿದ ಒಂಬತ್ತು ಮಂದಿ ಅದನ್ನು ಹೇಗೋ ತೂಗಿಸಬಹುದು. ಮೂವರು ನಿಂತರೆ ಆಗದು, ಏಳು ಜನ ಎಷ್ಟು ಓಡಿದರೂ ಎಲ್ಲೋ ಒಂದು ಕಡೆ ಬಾಗಿಲು ತೆರೆದೇ ಇರುತ್ತದೆ. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂದು ನಮ್ಮ ಹಿರಿಯರು ಕೇಳಿದ್ದು ಫುಟ್‌ಬಾಲ್ ನೋಡಿ ಅಲ್ಲ, ಆದರೂ ಪ್ಯಾರಿಸ್‌ಗೆ ಸರಿಯಾಗಿ ಹೊಂದುತ್ತದೆ.

ಹಾಗೆಂದು ಮೆಸ್ಸಿಯವರನ್ನು ದೂಷಿಸಬೇಡಿ. ಅದೇ ಮೆಸ್ಸಿ, ಪ್ಯಾರಿಸ್ ತಂಡದಲ್ಲಿ ಇದ್ದಾಗಲೇ, ತಮ್ಮ ದೇಶ ಅರ್ಜೆಂಟೀನಾ ಪರ 2022ರ ಡಿಸೆಂಬರ್‌ನಲ್ಲಿ ಕತಾರ್‌ನಲ್ಲಿ ವಿಶ್ವಕಪ್ ಎತ್ತಿದರು. ಅಲ್ಲೂ ಅವರು ಬಹಳ ಹೊತ್ತು ನಡೆಯುತ್ತಲೇ ಇದ್ದರು. ಆದರೆ ಅವರ ಪಾಲಿನ ಓಟವನ್ನೂ ಓಡಲು ಡಿ ಪಾಲ್ ಇದ್ದರು, ಮ್ಯಾಕ್ ಅಲಿಸ್ಟರ್ ಇದ್ದರು. ಮೊದಲ ಪಂದ್ಯದಲ್ಲೇ ಸೌದಿ ಅರೇಬಿಯಾಕ್ಕೆ 1–2ರಿಂದ ಸೋತ ಮೇಲೆ ತರಬೇತುದಾರ ಸ್ಕಲೋನಿ ಸುಮ್ಮನೆ ಕೂರಲಿಲ್ಲ. ಮೂರನೆಯ ಪಂದ್ಯದ ಹೊತ್ತಿಗೆ ಎಂಜೊ ಫರ್ನಾಂಡಿಸ್, ಹೂಲಿಯನ್ ಅಲ್ವಾರಿಸ್ ಎಂಬ ಇಬ್ಬರು ಎಳೆಯರನ್ನು ಮೊದಲ ಹನ್ನೊಂದರೊಳಗೆ ತಂದರು. ಇಬ್ಬರೂ ದಣಿವರಿಯದ ಓಟಗಾರರು. ಅಲ್ಲಿ ಪಲ್ಲಕ್ಕಿ ಒಂದೇ, ಒಳಗೆ ಕೂರುವವರು ಯಾರೆಂದು ಎಲ್ಲರಿಗೂ ಗೊತ್ತು, ಹೊರುವುದಕ್ಕೆ ಯಾರಿಗೂ ಬೇಸರವಿಲ್ಲ. ಪ್ಯಾರಿಸ್‌ನಲ್ಲಿ ಒಂದೇ ಬೀದಿಯಲ್ಲಿ ಮೂರು ಉತ್ಸವಗಳು.

2023ರಲ್ಲಿ ಮೆಸ್ಸಿ, ನೇಮಾರ್ ಹೋದರು. 2024ರಲ್ಲಿ ಎಂಬಾಪೆ ಮ್ಯಾಡ್ರಿಡ್ ಸೇರಿದರು. 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಪ್ಯಾರಿಸ್ ತರಬೇತುದಾರ ಲೂಯಿಸ್ ಎನ್ರಿಕೆ ಅವರ ಹುಡುಗರು ಇಂಟರ್ ಮಿಲಾನ್‌ಗೆ ಐದು ಗೋಲು ಹೊಡೆದರು, ಒಂದನ್ನೂ ಬಿಟ್ಟುಕೊಡಲಿಲ್ಲ. ಹತ್ತೊಂಬತ್ತರ ಡುವೆ ಎರಡು ಗೋಲು ಬಾರಿಸಿದರು. ಎಲ್ಲರೂ ಆ ಗೋಲುಗಳನ್ನು ಮತ್ತೆ ಮತ್ತೆ ನೋಡುತ್ತಾರೆ. ನಾನು ನೋಡುವುದು ಒಂದೂ ಗೋಲು ಹೊಡೆಯದ ಡೆಂಬೆಲೆಯವರನ್ನು. ಇಂಟರ್ ಗೋಲ್‌ಕೀಪರ್ ಸೊಮರ್ ಗೋಲ್‌ಕಿಕ್‌ಗೆ ಚೆಂಡು ಇಟ್ಟಾಗಲೆಲ್ಲ ಡೆಂಬೆಲೆ ಪೆನಾಲ್ಟಿ ಚೌಕದ ಗೆರೆಯ ಮೇಲೆ ಸ್ವಲ್ಪ ಬಗ್ಗಿ, ಓಟದ ಪಂದ್ಯಕ್ಕೆ ನಿಂತವರಂತೆ, ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದರು. ಕೊಟ್ಟಿಗೆಯ ಬಾಗಿಲಲ್ಲಿ ನಾಯಿ ಕೂತ ಹಾಗೆ. ಕೆಲವೇ ವರ್ಷಗಳ ಹಿಂದೆ ಇದೇ ಆಟಗಾರನನ್ನು ಎಲ್ಲರೂ ಸೋಮಾರಿ ಎನ್ನುತ್ತಿದ್ದರು.

ಈಗ ನನ್ನ ಕಥೆ, ಸ್ವಲ್ಪ ಸಹಿಸಿಕೊಳ್ಳಿ. ನಾನು ಬೆಂಗಳೂರಿನ ಒಂದು ಕಾರ್ಖಾನೆ ತಂಡಕ್ಕೆ ಲೆಫ್ಟ್ ಬ್ಯಾಕ್ ಆಗಿ, ಅಂದರೆ ಹಿಂಬದಿಯ ಎಡಗಡೆ ಕಾಯುವವನಾಗಿ, ಒಂಬತ್ತು ವರ್ಷ ಆಡಿದೆ. ನನ್ನ ಮುಂದೆ ಎಡಭಾಗದಲ್ಲಿ ಆಡುತ್ತಿದ್ದವನು ಲೇತ್ ವಿಭಾಗದವನು. ಆರು ವರ್ಷ ಒಂದೇ ಪಾಳಿ, ಒಂದೇ ಕ್ಯಾಂಟೀನ್ ಮೇಜು, ಮನೆಗೆ ಹೋಗಲು ಒಂದೇ ಬಸ್ಸು. ಮಾತು ಬಹಳ ಕಡಿಮೆ. ಮೈದಾನದಲ್ಲಿ ಅವನಿಗೊಂದು ಅಭ್ಯಾಸವಿತ್ತು. ಚೆಂಡು ಆಚೆ ಬದಿಯಲ್ಲಿ ಇರುವಾಗ ಬಲ ಬೂಟಿನ ತುದಿಯನ್ನು ನೆಲಕ್ಕೆ ಎರಡು ಸಲ ತಟ್ಟುತ್ತಿದ್ದ, ಮಣ್ಣು ಉದುರಿಸುವವನಂತೆ. ತಟ್ಟಿದರೆ ಅವನು ಒಳಕ್ಕೆ ನುಗ್ಗುತ್ತಾನೆ, ಗೆರೆಯ ಪಕ್ಕದ ದಾರಿ ನನಗೆ ಖಾಲಿ ಎಂದು ಅರ್ಥ. ನಾನು ಓಡಲು ಶುರು ಮಾಡುತ್ತಿದ್ದೆ, ಚೆಂಡು ಆಮೇಲೆ ಬರುತ್ತಿತ್ತು. ಹೀಗೆಂದು ನಾವು ಒಂದು ದಿನವೂ ಮಾತಾಡಿಕೊಂಡಿರಲಿಲ್ಲ. ಎಷ್ಟೋ ಸಮಯದ ಮೇಲೆ ಕೇಳಿದರೆ, ತಾನು ಬೂಟು ತಟ್ಟುವುದು ಅವನಿಗೇ ಗೊತ್ತಿರಲಿಲ್ಲ!

ಒಂದು ವರ್ಷ ಮೇಲಿನವರಿಗೆ ಟ್ರೋಫಿಯ ಹುಚ್ಚು ಹಿಡಿಯಿತು. ಹೊರಗಿನಿಂದ ಮೂವರು ಹೆಸರಾಂತ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡರು. ಮೂವರೂ ನಮಗಿಂತ ಎರಡು ಪಟ್ಟು ಚೆನ್ನಾಗಿ ಆಡುವವರು, ಅದರಲ್ಲಿ ಅನುಮಾನವಿಲ್ಲ. ಅವರಿಗೆ ಪಾಳಿ ಇಲ್ಲ, ಊಟ ಬೇರೆ, ಅಭ್ಯಾಸಕ್ಕೆ ಬರುವ ಹೊತ್ತು ಬೇರೆ. ಅವರಿಗಾಗಿ ಲೇತ್‌ನವನು ಬೆಂಚಿಗೆ ಹೋದ. ಅವನ ಜಾಗಕ್ಕೆ ಬಂದವರು ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಆಡುತ್ತಿದ್ದರು. ನಾನು ಪಕ್ಕದಲ್ಲಿ ಓಡಿ ಓಡಿ ಬರಿಗೈಯಲ್ಲಿ ಹಿಂದಿರುಗುತ್ತಿದ್ದೆ. ನಾಲ್ಕನೆಯ ಸಲ ಓಡಲಿಲ್ಲ. ಐದನೆಯ ಸಲ ಅವರು ಚೆಂಡು ಕೊಟ್ಟರು, ನಾನು ಅಲ್ಲಿ ಇರಲಿಲ್ಲ. ಗೆರೆ ದಾಟಿದ ಚೆಂಡನ್ನು ಇಬ್ಬರೂ ನೋಡುತ್ತ ನಿಂತೆವು. ನಮಗಿಂತ ಕೆಳಗಿನ ದರ್ಜೆಯ ತಂಡದ ಎದುರು ಮೊದಲ ಸುತ್ತಿನಲ್ಲೇ ಸೋತೆವು. ನಿಮ್ಮ ಟಿವಿಯವರ ಕೆಮಿಸ್ಟ್ರಿ ಎಂದರೆ ನನಗೆ ಆ ಗೆರೆ ದಾಟಿದ ಚೆಂಡು ನೆನಪಾಗುತ್ತದೆ.

ಪ್ರಶ್ನೆ (ಮಂಗಳೂರಿನಿಂದ): ಜೆರಾರ್ಡ್, ಲ್ಯಾಂಪಾರ್ಡ್, ಸ್ಕೋಲ್ಸ್, ರೂನಿ, ಟೆರ್ರಿ, ಫರ್ಡಿನಾಂಡ್. ಇಷ್ಟು ಜನ ಇದ್ದೂ ಇಂಗ್ಲೆಂಡ್ ಏನೂ ಗೆಲ್ಲಲಿಲ್ಲವಲ್ಲ?

ಇಂಗ್ಲೆಂಡ್ ಸೋಲಿಗೆ ಎರಡು ಕಾರಣ ಹೇಳುತ್ತೇನೆ, ಎರಡನೆಯದೇ ದೊಡ್ಡದು. ಮೊದಲನೆಯದು ಕ್ಲಬ್ ಹಗೆ. ಮ್ಯಾಂಚೆಸ್ಟರ್‌ನವರು, ಲಿವರ್‌ಪೂಲ್‌ನವರು, ಚೆಲ್ಸಿಯವರು ವರ್ಷವಿಡೀ ಒಬ್ಬರ ಕಾಲು ಒಬ್ಬರು ಮುರಿಯುವಂತೆ ಆಡಿ, ರಾಷ್ಟ್ರೀಯ ಶಿಬಿರದಲ್ಲಿ ಬೇರೆ ಬೇರೆ ಮೇಜುಗಳಲ್ಲಿ ಊಟಕ್ಕೆ ಕೂರುತ್ತಿದ್ದರು. ಫರ್ಡಿನಾಂಡ್ ಅವರೇ ಆಮೇಲೆ ಇದನ್ನು ಬಾಯಿಬಿಟ್ಟು ಹೇಳಿಕೊಂಡಿದ್ದಾರೆ.

ಎರಡನೆಯದು ಜಾಗದ ಪ್ರಶ್ನೆ. ಜೆರಾರ್ಡ್, ಲ್ಯಾಂಪಾರ್ಡ್ ಇಬ್ಬರೂ ನಡುವಿನಿಂದ ಮುಂದಕ್ಕೆ ನುಗ್ಗಿ ಗೋಲು ಹೊಡೆಯುವವರು. ಇಬ್ಬರೂ ನುಗ್ಗಿದರೆ ಹಿಂದೆ ಕಣಜ ಕಾಯುವವರು ಯಾರು? ಇಬ್ಬರಲ್ಲಿ ಒಬ್ಬರನ್ನು ಬೆಂಚಿನಲ್ಲಿ ಕೂರಿಸುವ ಧೈರ್ಯ ತರಬೇತುದಾರರಿಗೆ ಬರಲಿಲ್ಲ. ಬದಲಿಗೆ ಆ ಪೀಳಿಗೆಯ ಅತ್ಯುತ್ತಮ ಪಾಸುಗಾರ ಸ್ಕೋಲ್ಸ್ ಅವರನ್ನು 2004ರ ಯೂರೊ ಕಪ್‌ನಲ್ಲಿ ಎಡ ಅಂಚಿಗೆ ತಳ್ಳಿದರು. ಆ ಬೇಸಿಗೆಯಲ್ಲೇ ಅವರು ದೇಶದ ತಂಡಕ್ಕೆ ಕೈ ಮುಗಿದರು. 2007ರ ನವೆಂಬರ್‌ನಲ್ಲಿ ವೆಂಬ್ಲಿಯಲ್ಲಿ ಕ್ರೊವೇಷಿಯಾ 3–2ರಿಂದ ಗೆದ್ದಾಗ ಇಂಗ್ಲೆಂಡ್ ಮುಂದಿನ ಯೂರೊ ಕಪ್‌ಗೆ ಅರ್ಹತೆಯನ್ನೇ ಕಳೆದುಕೊಂಡಿತು.

ರಾಷ್ಟ್ರೀಯ ತಂಡಗಳಿಗೆ ಒಟ್ಟಿಗೆ ಇರಲು ಸಿಗುವುದೇ ವರ್ಷಕ್ಕೆ ಕೆಲವು ವಾರ. ಹಾಗಾಗಿ ಬುದ್ಧಿವಂತರು ಹೊಂದಿಕೆಯನ್ನು ಕ್ಲಬ್ಬಿನಿಂದ ಸಾಲ ತರುತ್ತಾರೆ. 2010ರ ವಿಶ್ವಕಪ್ ಫೈನಲ್‌ನಲ್ಲಿ ಸ್ಪೇನ್‌ನ ಹನ್ನೊಂದರಲ್ಲಿ ಪುಯೊಲ್, ಪಿಕೆ, ಬುಸ್ಕೆಟ್ಸ್, ಷಾವಿ, ಇನಿಯೆಸ್ಟಾ, ಪೆಡ್ರೊ ಆರೂ ಮಂದಿ ಬಾರ್ಸಿಲೋನಾದವರು. 2014ರಲ್ಲಿ ಜರ್ಮನಿಯ ಹನ್ನೊಂದರಲ್ಲೂ ಆರು ಮಂದಿ ಬಯರ್ನ್‌ನವರು.

ನಮ್ಮ ದೇಶದ ಉದಾಹರಣೆಯೂ ಇದೆ, ಅದು ನನಗೆ ಹೆಚ್ಚು ಪ್ರಿಯ. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ತರಬೇತುದಾರ ರಹೀಂ ಸಾಹೇಬರ ತಂಡದಲ್ಲಿ ಕಲ್ಕತ್ತೆಯವರು, ಹೈದರಾಬಾದಿನವರು, ಪಂಜಾಬಿನವರು, ನಮ್ಮ ಬೆಂಗಳೂರಿನ ಅರುಮೈನಾಯಗಂ. ಜರ್ನೈಲ್ ಸಿಂಗ್ ಹಿಂಬದಿಯ ನಡುವೆ ನಿಂತು ಎದುರಾಳಿಯನ್ನು ತಡೆಯುವವರು, ಏಷ್ಯಾದ ಅತ್ಯುತ್ತಮ ಸ್ಟಾಪರ್‌ಗಳಲ್ಲಿ ಒಬ್ಬರು. ಥಾಯ್ಲೆಂಡ್ ಎದುರು ತಲೆ ಒಡೆದು ಹೊಲಿಗೆ ಬಿದ್ದಿತ್ತು. ಜರ್ನೈಲ್ ಅವರನ್ನು ರಹೀಂ ಹಿಂಬದಿಯಿಂದ ಕಿತ್ತು ಗೋಲು ಹೊಡೆಯುವ ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು. ಜರ್ನೈಲ್ ಮರು ಮಾತಾಡದೆ ನಿಂತರು. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು 2–1ರ ಗೆಲುವು, ಒಂದು ಗೋಲು ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ತಲೆಗೆ ಪಟ್ಟಿ ಕಟ್ಟಿಕೊಂಡ ಆ ಸ್ಟಾಪರ್‌ನದು. ಲಂಡನ್ನಿನ ಇಬ್ಬರು ಮಹನೀಯರು, ಜೆರಾರ್ಡ್ ಮತ್ತು ಲ್ಯಾಂಪಾರ್ಡ್, ಹತ್ತು ಗಜ ಹಿಂದೆ ನಿಲ್ಲಲು ಒಪ್ಪಿದ್ದರೆ ಸಾಕಿತ್ತು. (ಒಬ್ಬರು ಲಿವರ್‌ಪೂಲ್‌ನವರು, ಗೊತ್ತು. ಪತ್ರ ಬರೆಯಬೇಡಿ.)

ಪ್ರಶ್ನೆ (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ): ನಮ್ಮ ಹುಡುಗಿಯರ ತಂಡದಲ್ಲಿ ಎರಡು ಗುಂಪು. ಎಲ್ಲರೂ ಗೆಳತಿಯರಾಗದಿದ್ದರೆ ಗೆಲ್ಲುವುದು ಸಾಧ್ಯವೇ ಇಲ್ಲವೇ?

ಸಾಧ್ಯ ತಾಯಿ. ಆ್ಯಂಡಿ ಕೋಲ್, ಟೆಡ್ಡಿ ಶೆರಿಂಗ್‌ಹ್ಯಾಮ್ ಎಂಬ ಇಬ್ಬರು ವರ್ಷಗಟ್ಟಲೆ ಮಾತು ಬಿಟ್ಟಿದ್ದರು. 1995ರಲ್ಲಿ ಕೋಲ್ ಮೊದಲ ಸಲ ಇಂಗ್ಲೆಂಡ್ ಪರ ಮೈದಾನಕ್ಕೆ ಇಳಿಯುವಾಗ, ಹೊರಗೆ ಬರುತ್ತಿದ್ದ ಶೆರಿಂಗ್‌ಹ್ಯಾಮ್ ತನ್ನ ಕೈ ಕುಲುಕಲಿಲ್ಲ ಎಂಬುದು ಕೋಲ್ ಅವರ ಅಳಲು. ಆಮೇಲೆ ಇಬ್ಬರೂ ಮ್ಯಾಂಚೆಸ್ಟರ್ ಯುನೈಟೆಡ್‌ಗೇ ಬಂದರು. ಮಾತಿಲ್ಲ, ಕಥೆಯಿಲ್ಲ. 1999ರಲ್ಲಿ ಅದೇ ತಂಡ ಲೀಗ್, ಎಫ್‌ಎ ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಗೆದ್ದಿತು. ಇನ್ನೂ ಹತ್ತಿರದ್ದು ಹೇಳಲೇ? 2022ರಲ್ಲಿ ಸ್ಪೇನ್‌ನ ಹದಿನೈದು ಆಟಗಾರ್ತಿಯರು ತಂಡದ ವಾತಾವರಣ ಸರಿಯಿಲ್ಲವೆಂದು ಫೆಡರೇಷನ್‌ಗೆ ಪತ್ರ ಬರೆದು ಹಿಂದೆ ಸರಿದರು. ಅವರಲ್ಲಿ ಮೂವರು ಮಾತ್ರ ಮರುವರ್ಷದ ವಿಶ್ವಕಪ್‌ಗೆ ಹೋದರು. ತರಬೇತುದಾರರ ಜೊತೆ ಮುಖ ಕೊಟ್ಟು ಮಾತಾಡದಷ್ಟು ಬಿಗುವಿನ ನಡುವೆಯೂ ಸ್ಪೇನ್ ತಂಡದವರು ಸಿಡ್ನಿಯಲ್ಲಿ ಇಂಗ್ಲೆಂಡನ್ನು 1–0ರಿಂದ ಸೋಲಿಸಿ ಕಪ್ ತಂದರು. ತಂಡದ ಬೆನ್ನೆಲುಬು ಬಾರ್ಸಿಲೋನಾದವರದು. ಯಾರು ಎಲ್ಲಿ ಇರುತ್ತಾರೆಂದು ನಿದ್ದೆಯಲ್ಲಿ ಕೇಳಿದರೂ ಹೇಳುವಷ್ಟು ಒಟ್ಟಿಗೆ ಆಡಿದವರು.

ಜಗಳ ತಂಡವನ್ನು ಕೊಲ್ಲುವುದಿಲ್ಲ. ಹೇಗೆ ಜಗಳವಾಡುತ್ತೀರಿ ಎಂಬುದು ಮುಖ್ಯ. 1974ರಲ್ಲಿ ಪಶ್ಚಿಮ ಜರ್ಮನಿಯವರು ವಿಶ್ವಕಪ್‌ಗೆ ಮುಂಚೆ ಬೋನಸ್ ಹಣಕ್ಕಾಗಿ ಕಚ್ಚಾಡಿದರು, ಪೂರ್ವ ಜರ್ಮನಿಗೆ 0–1ರಿಂದ ಸೋತು ಮತ್ತೆ ಕಚ್ಚಾಡಿದರು. ಬೆಕನ್‌ಬೌಯರ್, ತಂಡದ ನಾಯಕ, ಎದ್ದು ನಿಂತು ಒಬ್ಬೊಬ್ಬರ ತಪ್ಪನ್ನೂ ಮುಖದ ಮೇಲೆ ಹೇಳಿದರು, ತಂಡ ಬದಲಾಯಿತು, ಕಪ್ ಬಂತು. 2010ರ ವಿಶ್ವಕಪ್ಪಿನಲ್ಲಿ ಫ್ರಾನ್ಸ್‌ನವರು ಇದಕ್ಕೆ ತದ್ವಿರುದ್ಧ. ಮೆಕ್ಸಿಕೊ ಎದುರಿನ ಪಂದ್ಯದ ವಿರಾಮದಲ್ಲಿ ಅನೆಲ್ಕಾ ತರಬೇತುದಾರ ಡೊಮೆನೆಕ್ ಅವರನ್ನು ಬೈದರು, ಅನೆಲ್ಕಾ ಅವರನ್ನು ಊರಿಗೆ ಕಳಿಸಲಾಯಿತು. ಮರುದಿನ ದಕ್ಷಿಣ ಆಫ್ರಿಕಾದ ನೈಸ್ನಾ ಎಂಬ ಊರಲ್ಲಿ, ಜನ ನೋಡುತ್ತಿರುವಾಗಲೇ, ಆಟಗಾರರು ಅಭ್ಯಾಸ ಬಿಟ್ಟು ಬಸ್ಸು ಹತ್ತಿ ಪರದೆ ಎಳೆದುಕೊಂಡು ಕೂತರು. ಅವರ ಪ್ರತಿಭಟನಾ ಪತ್ರವನ್ನು ಪತ್ರಕರ್ತರ ಮುಂದೆ ಓದಿದ್ದು ಯಾರು ಗೊತ್ತೇ? ಅದೇ ಡೊಮೆನೆಕ್! ನಾಲ್ಕು ವರ್ಷ ಹಿಂದಿನ ಫೈನಲಿಸ್ಟರು ಮೂರು ಪಂದ್ಯಗಳಲ್ಲಿ ಒಂದು ಗೋಲು ಹೊಡೆದು ಗುಂಪಿನ ಕೊನೆಯ ಸ್ಥಾನದಲ್ಲಿ ಮನೆಗೆ ಹೋದರು.

ಆದ್ದರಿಂದ ನಿಮ್ಮ ಎರಡು ಗುಂಪಿನವರು ಹೊರಗೆ ಬೇರೆ ಬೇರೆ ಟೀ ಕುಡಿದರೂ ಚಿಂತೆಯಿಲ್ಲ. ಮೈದಾನದಲ್ಲಿ ‘ಹಿಂದೆ ಎದುರಾಳಿ ಇದ್ದಾಳೆ’ ಎಂದು ಕೂಗಿ ಹೇಳುವುದನ್ನು ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ (ಬೆಳಗಾವಿ ಜಿಲ್ಲೆಯ ದೈಹಿಕ ಶಿಕ್ಷಕರು): ನಮ್ಮ ಪ್ರೌಢಶಾಲೆಯ ಇಬ್ಬರು ಅತ್ಯುತ್ತಮ ಹುಡುಗರು ಒಬ್ಬರಿಗೊಬ್ಬರು ಪಾಸ್ ಕೊಡುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಉಪದೇಶ ಮಾಡಿ ಸಾಕಾಗಿದೆ.

ಉಪದೇಶ ಮೊದಲು ನಿಲ್ಲಿಸಿ ಮೇಷ್ಟ್ರೇ. ನಾನೂ ಹದಿನೆಂಟು ವರ್ಷ ಸೀಟಿ ಊದಿದವನು, ನನ್ನ ಉಪದೇಶದಿಂದ ಒಂದು ಪಾಸೂ ಹುಟ್ಟಲಿಲ್ಲ. ಮೂವರು ಮೂವರ ಸಣ್ಣ ಆಟ ಆಡಿಸಿ, ಇಬ್ಬರನ್ನೂ ಒಂದೇ ಕಡೆ ಹಾಕಿ. ನಿಯಮ ಒಂದೇ: ಇಬ್ಬರ ಕಾಲಿಗೂ ಚೆಂಡು ತಾಗದೆ ಬಂದ ಗೋಲು ಲೆಕ್ಕಕ್ಕಿಲ್ಲ. ಮೊದಲ ವಾರ ಮುಖ ಗಂಟಿಕ್ಕಿಕೊಂಡೇ ಆಡುತ್ತಾರೆ. ಎರಡನೆಯ ವಾರ ಸೋಲುವುದಕ್ಕೆ ಬೇಜಾರಾಗುತ್ತದೆ. ಅಭ್ಯಾಸ ಮುಗಿದ ಮೇಲೆ ಗೋಲ್ ಕಂಬ ಹೊರುವ ಕೆಲಸ ಅವರಿಬ್ಬರಿಗೇ ಕೊಡಿ. ಭಾರದ ವಸ್ತುವನ್ನು ಇಬ್ಬರು ಹೊರುವಾಗ ಹೆಜ್ಜೆ ಹೊಂದಿಸದೆ ವಿಧಿಯಿಲ್ಲ.

ಇನ್ನೊಂದು. ಪೆನಾಲ್ಟಿ ಯಾರು ಹೊಡೆಯಬೇಕು, ಫ್ರೀಕಿಕ್ ಯಾರದು ಎಂಬುದನ್ನು ಪಂದ್ಯಕ್ಕೆ ಮುಂಚೆ ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. 2017ರ ಸೆಪ್ಟೆಂಬರ್‌ನಲ್ಲಿ ಪ್ಯಾರಿಸ್‌ನವರು ಇದನ್ನು ಮಾಡದೆ ನಗೆಪಾಟಲಾದರು. ಲಿಯಾನ್ ಎದುರು ಫ್ರೀಕಿಕ್ ಬಂದಾಗ ತಮ್ಮದೇ ತಂಡದ ಕವಾನಿ ಕೈಗೆ ಚೆಂಡು ಸಿಗದಂತೆ ಪ್ಯಾರಿಸ್ ಆಟಗಾರ ಡ್ಯಾನಿ ಆಲ್ವಿಸ್ ಅದನ್ನು ಮಗುವಿನಂತೆ ಅವುಚಿಕೊಂಡು ಹೋಗಿ ನೇಮಾರ್‌ಗೆ ಕೊಟ್ಟರು. ಆಮೇಲೆ ಪೆನಾಲ್ಟಿಗೂ ನೇಮಾರ್ ಕೈ ಚಾಚಿದರು. ಕವಾನಿ ಬಿಡಲಿಲ್ಲ, ತಾವೇ ಒದ್ದರು, ಗೋಲಾಗಲಿಲ್ಲ. ಆ ದಿನ ಪ್ಯಾರಿಸ್ 2–0ರಿಂದ ಗೆದ್ದಿತು ಎನ್ನಿ. ಎರಡೂ ಗೋಲು ಲಿಯಾನ್‌ನವರೇ ತಮ್ಮ ಬಲೆಗೆ ಹೊಡೆದುಕೊಂಡದ್ದು.

ಪ್ರಶ್ನೆ (ತುಮಕೂರಿನಿಂದ): ಎಲ್ಲರ ದೋಷ ಹೇಳುತ್ತೀರಿ. ನೀವು ಪಲ್ಲಕ್ಕಿಯಲ್ಲಿ ಕೂತವರೋ, ಹೊತ್ತವರೋ?

ಲೆಫ್ಟ್ ಬ್ಯಾಕ್ ಎಂದು ಮೇಲೆಯೇ ಬರೆದಿದ್ದೇನೆ, ಹೊತ್ತವನು. ಒಂದೇ ಒಂದು ಸಲ ಏರಲು ಹೋಗಿದ್ದೆ. ಲೀಗ್ ಪಂದ್ಯವೊಂದರಲ್ಲಿ ನಾವು ಒಂದು ಗೋಲು ಹಿಂದಿದ್ದಾಗ ಪೆನಾಲ್ಟಿ ಸಿಕ್ಕಿತು. ಹೊಡೆಯಬೇಕಾದವನು ಲೇತ್‌ನವನು, ಮೊದಲೇ ಗೊತ್ತು ಮಾಡಿದ್ದು. ಗ್ಯಾಲರಿಯಲ್ಲಿ ನನ್ನ ಮದುವೆ ಮಾತುಕತೆಗೆ ಬಂದ ನೆಂಟರು ಕೂತಿದ್ದರು. ಅವನು ಬರುವ ಮುಂಚೆಯೇ ನಾನು ಚೆಂಡು ಎತ್ತಿಕೊಂಡೆ. ಅವನು ನನ್ನನ್ನು ಒಮ್ಮೆ ನೋಡಿ ಹಿಂದೆ ಸರಿದು ನಿಂತ. ನಾನು ಒದ್ದ ಚೆಂಡು ಕಂಬದ ಮೇಲಿನಿಂದ, ಗೋಡೆಯ ಮೇಲಿನಿಂದ, ಆಚೆ ಯಾರದೋ ಮನೆಯ ತೆಂಗಿನ ಮರಕ್ಕೆ ಬಡಿಯಿತು. ಸೋತೆವು. ಸಂಬಂಧ ಮಾತ್ರ ಕುದುರಿತು, ಅವರಿಗೆ ಫುಟ್‌ಬಾಲ್ ತಿಳಿಯುತ್ತಿರಲಿಲ್ಲ.

ಬಸ್ಸಿನಲ್ಲಿ ಅವನು ಎಂದಿನಂತೆ ಪಕ್ಕದಲ್ಲೇ ಕೂತ. ಒಂದು ಮಾತೂ ಬೈಯಲಿಲ್ಲ. ಆದರೆ ಮುಂದಿನ ಮೂರು ಪಂದ್ಯಗಳಲ್ಲಿ ಒಂದು ಸಲವೂ ಬೂಟು ತಟ್ಟಲಿಲ್ಲ.